ಪಾದ ಒಳಕ್ಕೆ ವಾಲುವ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಎಂಥ ಶೂ?

ಪ್ರಶ್ನೆ: ನನಗೆ ಓವರ್‌ಪ್ರೊನೇಷನ್ ಇದೆ, ಓಡುವಾಗ ಪಾದ ಒಳಕ್ಕೆ ವಾಲುತ್ತದೆ ಎಂದು ಕೋಚ್ ಹೇಳುತ್ತಾರೆ. ಕಣಕಾಲು ಮುಚ್ಚುವ ಹೈ ಟಾಪ್ ಶೂ ಕೊಂಡರೆ ಸರಿಹೋಗುತ್ತದೆಯೇ? ಅಂಗಡಿಯಲ್ಲಿ ಏನು ನೋಡಬೇಕು?

ಉತ್ತರ: ಹೈ ಟಾಪ್ ಒಂದರಿಂದಲೇ ಇದು ಸರಿಹೋಗುವುದಿಲ್ಲ. ಕಾಲೂರಿದಾಗ ಪಾದ ಸ್ವಲ್ಪ ಒಳಕ್ಕೆ ಹೊರಳುವುದು ಎಲ್ಲರಲ್ಲೂ ಇದ್ದದ್ದೇ. ಜಿಗಿದು ಇಳಿದಾಗಿನ ಹೊಡೆತವನ್ನು ಪಾದ ತಾಳಿಕೊಳ್ಳುವುದೇ ಹಾಗೆ. ಅದು ಅತಿಯಾದಾಗ ಅಂಗಾಲಿನ ಒಳಬದಿಯ ಬಾಗು, ಅಂದರೆ ಕಮಾನು, ಕುಸಿದು, ಹಿಮ್ಮಡಿ ಓರೆಯಾಗಿ, ಮೊಣಕಾಲೂ ಒಳಕ್ಕೆ ತಿರುಗುತ್ತದೆ. ಈ ಹೊರಳಾಟ ಮುಖ್ಯವಾಗಿ ನಡೆಯುವುದು ಹಿಮ್ಮಡಿ ಮೂಳೆಯೂ ಅದರ ಮೇಲಿನ ಮೂಳೆಯೂ ಕೂಡುವ ಕೀಲಿನಲ್ಲಿ, ಅಂದರೆ ಕಣಕಾಲಿನ ಗಂಟಿಗಿಂತ ಕೆಳಗೆ. ಮೇಲಿನ ಮೆತ್ತನೆಯ ಕಾಲರ್‌ಗೆ ಅದನ್ನು ತಡೆಯುವ ಬಲವಿಲ್ಲ. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಲೋ ಟಾಪ್, ಸಡಿಲ ಹಿಮ್ಮಡಿಯ ಹೈ ಟಾಪ್‌ಗಿಂತ ಎಷ್ಟೋ ವಾಸಿ.

ಆದ್ದರಿಂದ ಮೊದಲು ಶೂವಿನ ಹಿಂಭಾಗ ನೋಡಿ. ಹಿಮ್ಮಡಿಯನ್ನು ಸುತ್ತುವರಿದ ಗಟ್ಟಿ ಕವಚಕ್ಕೆ ಹೀಲ್ ಕೌಂಟರ್ ಎನ್ನುತ್ತಾರೆ. ಅದನ್ನು ಎರಡೂ ಬದಿಯಿಂದ ಬೆರಳಲ್ಲಿ ಒತ್ತಿ. ಸಲೀಸಾಗಿ ಒಳಕ್ಕೆ ಮಡಿದರೆ ಆ ಶೂ ನಿಮಗಲ್ಲ. ಆಮೇಲೆ ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮುಂತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ನಡುಭಾಗ ಮಣಿಯದೆ ನಿಲ್ಲಬೇಕು. ಹಲವು ಶೂಗಳಲ್ಲಿ ಅಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನದೋ ಕಾರ್ಬನ್ ಫೈಬರ್‌ನದೋ ಶ್ಯಾಂಕ್ ಪಟ್ಟಿ ಇರುತ್ತದೆ. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಮಾತ್ರ ಮಡಿಯಬೇಕು. ಕಮಾನಿನ ಕೆಳಗೆ ಮಡಿದರೆ ನಿಮ್ಮ ಕಮಾನೂ ಅಲ್ಲೇ ಕುಸಿಯುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು ಹಿಂದಿನಿಂದಲೂ ನೋಡಿ. ಹೊಸ ಶೂ ಕೂಡ ಒಮ್ಮೊಮ್ಮೆ ವಾಲಿಯೇ ತಯಾರಾಗಿರುತ್ತದೆ.

ಅಟ್ಟೆ ಅಗಲವಾಗಿರಲಿ, ಕಮಾನಿನ ಕೆಳಗೆ ತೀರಾ ಸಪೂರವಾಗಿ ಕೊರೆದಿರದಿರಲಿ. ಹೆಚ್ಚಿನವರು ಎಡವುವುದು ಮೆತ್ತನೆಯ ವಿಷಯದಲ್ಲಿ. ಅಂಗಡಿಯಲ್ಲಿ ಹಿತವೆನಿಸುವ ಮೃದು ಫೋಮ್, ಭಾರ ಬೀಳುವ ಒಳಬದಿಯಲ್ಲೇ ಹೆಚ್ಚು ಅಮುಕಿ ಪಾದವನ್ನು ಇನ್ನಷ್ಟು ಒಳಕ್ಕೆ ಜಾರಿಸುತ್ತದೆ. ಮೈಭಾರ ಹೆಚ್ಚಿರುವವರಿಗಂತೂ ಇದು ಬೇಗ ಗೊತ್ತಾಗುತ್ತದೆ. ಒಳಬದಿಯ ಫೋಮನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಿದ್ದದ್ದನ್ನೇ ಆರಿಸಿ.

ಅಳತೆಯನ್ನು ಸಂಜೆ ಹೊತ್ತು, ಆಟದ ಕಾಲ್ಚೀಲ ಹಾಕಿಕೊಂಡು, ನಿಂತೇ ಕೊಡಿ. ಕಮಾನು ಕುಸಿಯುವ ಪಾದ ಭಾರ ಬಿದ್ದಾಗ ಉದ್ದವೂ ಅಗಲವೂ ಆಗುತ್ತದೆ. ಕೂತು ಅಳೆದ ಶೂ ಆಟದಲ್ಲಿ ಚಿಕ್ಕದಾಗುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ. ಅಗಲ ಸಾಲದಿದ್ದರೆ 2ಇ ಎಂಬ ಅಗಲದ ಅಳತೆ ಕೇಳಿ, ಉದ್ದದ ಸೈಜ್ ಏರಿಸಬೇಡಿ: ಆಗ ಶೂ ಮಡಿಯುವ ಜಾಗ ಮುಂದಕ್ಕೆ ಹೋಗುತ್ತದೆ, ಹಿಮ್ಮಡಿ ಜಾರುತ್ತದೆ. ಕೊಳ್ಳುವ ಮುಂಚೆ ಅಡ್ಡಡ್ಡ ಹೆಜ್ಜೆ ಹಾಕಿ, ತಟ್ಟನೆ ನಿಂತು, ಜಿಗಿದು ನೋಡಿ.

ಪ್ರಶ್ನೆ: ಓವರ್‌ಪ್ರೊನೇಷನ್‌ಗೆಂದೇ ಮಾಡಿದ ಓಟದ ಶೂ ನನ್ನ ಬಳಿ ಇದೆ. ಅದರಲ್ಲೇ ಆಡಬಹುದೇ?

ಉತ್ತರ: ಬೇಡ. ಅದು ನೇರ ಓಟಕ್ಕೆ ಮಾಡಿದ್ದು. ಅದರ ಅಟ್ಟೆ ಎತ್ತರ, ಹೊರಬದಿಯ ಆಸರೆ ಕಡಿಮೆ. ಪಕ್ಕಕ್ಕೆ ತಿರುಗಿದಾಗ ಪಾದ ಅಟ್ಟೆಯ ಅಂಚು ದಾಟಿ ಕಣಕಾಲು ಉಳುಕುವ ಅಪಾಯವಿದೆ.

ಪ್ರಶ್ನೆ: ಶೂ ಚೆನ್ನಾಗಿದೆ, ಆದರೂ ಕಮಾನಿಗೆ ಆಸರೆ ಸಾಲದು. ಬೇರೆ ಇನ್‌ಸೋಲ್ (ಶೂ ಒಳಗಿನ ಹಾಸು) ಹಾಕಬಹುದೇ?

ಉತ್ತರ: ಧಾರಾಳವಾಗಿ. ಬ್ಯಾಸ್ಕೆಟ್‌ಬಾಲ್ ಶೂಗಳಲ್ಲಿ ಒಳಬದಿಗೆ ವಿಶೇಷ ಆಸರೆ ಕೊಟ್ಟವು ಅಪರೂಪ, ಹಾಗಾಗಿ ಸ್ಥಿರವಾದ ಶೂ ಜೊತೆಗೆ ಅರೆಗಟ್ಟಿ ಇನ್‌ಸೋಲ್ ಒಳ್ಳೆಯ ಜೋಡಿ. ಹಿಮ್ಮಡಿ ಕೂರುವ ಜಾಗ ಆಳವಾಗಿರುವುದನ್ನು ಕೊಳ್ಳಿ. ಶೂ ಜೊತೆ ಬಂದದ್ದನ್ನು ಮೊದಲು ತೆಗೆಯಿರಿ. ಒಂದರ ಮೇಲೊಂದಿಟ್ಟರೆ ಪಾದ ಮೇಲೇರಿ ಹಿಮ್ಮಡಿ ಕವಚದಿಂದ ಹೊರಬರುತ್ತದೆ. ಶೂ ಕೊಳ್ಳುವಾಗಲೇ ಇನ್‌ಸೋಲ್ ಒಯ್ದು ಹಾಕಿ ನೋಡುವುದು ಉತ್ತಮ. ಮೊದಲ ದಿನ ಒಂದೆರಡು ಗಂಟೆ ನಡೆದಾಡಿ, ಒಂದೆರಡು ವಾರದಲ್ಲಿ ನಿಧಾನಕ್ಕೆ ಆಟಕ್ಕೆ ತನ್ನಿ. ಆಮೇಲೂ ಕಮಾನಿಗೆ ಚುಚ್ಚುತ್ತಿದ್ದರೆ ಅದರ ಎತ್ತರ ನಿಮಗೆ ಹೊಂದಿಲ್ಲ.

ಹಿಮ್ಮಡಿ ಇನ್ನೂ ಜಾರಿದರೆ ಲೇಸಿನ ಕೊನೆಯ ತೂತು ಬಳಸಿ. ಎರಡೂ ಬದಿ ಲೇಸನ್ನು ಅದೇ ಬದಿಯ ಮೇಲಿನ ತೂತಿಗೆ ಹಾಕಿ ಸಣ್ಣ ಕುಣಿಕೆ ಬಿಡಿ, ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಕಟ್ಟಿ.

ಪ್ರಶ್ನೆ: ಹತ್ತು ವರ್ಷದ ಮಗಳ ಒದ್ದೆ ಹೆಜ್ಜೆಗುರುತಿನಲ್ಲಿ ಕಮಾನೇ ಕಾಣುವುದಿಲ್ಲ. ವಿಶೇಷ ಶೂ ಬೇಕೇ?

ಉತ್ತರ: ಹೆಜ್ಜೆಗುರುತು ನಿಂತ ಪಾದದ ಆಕಾರ ತೋರಿಸುತ್ತದೆಯೇ ಹೊರತು ಚಲನೆಯನ್ನಲ್ಲ. ಅವಳು ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ಅದು ಮಣಿಯುವ ಚಪ್ಪಟೆ ಪಾದ. ನೋವಿಲ್ಲದಿದ್ದರೆ ವಿಶೇಷ ಶೂ ಬೇಕಿಲ್ಲ, ಮೇಲೆ ಹೇಳಿದಂಥ ಗಟ್ಟಿ ಹಿಮ್ಮಡಿಯ ಶೂ ಸಾಕು. ತುದಿಗಾಲಲ್ಲೂ ಕಮಾನು ಮೂಡದಿದ್ದರೆ, ಒಂದೇ ಪಾದ ಚಪ್ಪಟೆಯಾಗುತ್ತಾ ಹೋದರೆ, ಕಣಕಾಲಿನ ಒಳಗಂಟಿನ ಹಿಂದೆ ನೋವಿದ್ದರೆ ಅಥವಾ ಒಂಟಿಗಾಲಲ್ಲಿ ಹಿಮ್ಮಡಿ ಎತ್ತಲಾಗದಿದ್ದರೆ ಶೂ ಹುಡುಕುವುದನ್ನು ಬಿಟ್ಟು ಮೂಳೆ ವೈದ್ಯರಿಗೆ ತೋರಿಸಿ. ಹೋಗುವಾಗ ಅವಳ ಹಳೆಯ ಶೂಗಳನ್ನೂ ಒಯ್ಯಿರಿ. ಹಿಮ್ಮಡಿಯ ಹೊರ ಅಂಚು ಸವೆಯುವುದು ಸಾಮಾನ್ಯ. ಹೆಬ್ಬೆರಳ ಬುಡದ ಕೆಳಗಿನ ಸವೆತ, ಒಳಕ್ಕೆ ವಾಲಿದ ಕವಚ, ಇವೆರಡನ್ನು ವೈದ್ಯರು ನೋಡಬೇಕು.