ಸೋದರಮಾವನ ಗುಣ ಮಗನಿಗೆ ಬಂದಿದೆಯೇ?

ಪ್ರಶ್ನೆ: ನಮ್ಮದು ಸಣ್ಣ ಕಿರಾಣಿ ಅಂಗಡಿ ಅದ. ಒಂಬತ್ತು ವರ್ಷದ ಮಗ ಮೂರು ಸಲ ಗಲ್ಲಾದಾಗಿನ ರೊಕ್ಕ ತಗೊಂಡು ಸಿಕ್ಕಿಬಿದ್ದಾನ. ಕೇಳಿದ್ರ ಸುಳ್ಳು ಹೇಳ್ತಾನ. ಅದೇ ಹುಡುಗ ಸಾಲ್ಯಾಗ ಬಿದ್ದ ಪೆನ್ನು ಸಿಕ್ರೂ ಟೀಚರಿಗೆ ಕೊಟ್ಟು ಬರ್ತಾನ. ನಮ್ಮ ಅತ್ತಿ ‘ಸೋದರಮಾವನ ರಕ್ತ ಬಂದದ, ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಅಂತ ಅವನ ಮುಂದೇ ಅಂತಾರ. ನನ್ನ ತಮ್ಮ ಇಸ್ಪೀಟಿನ ಚಟಕ್ಕ ಬಿದ್ದು ತವರಿನ ರೊಕ್ಕ ಹಾಳು ಮಾಡಿದ್ದು ಖರೇ. ಒಳ್ಳೇ ನಡತಿ ಹುಟ್ಟಿನಿಂದ ಬರ್ತದೇನ್ರಿ, ಕಲಿಸಿದ್ರ ಬರ್ತದೇನ್ರಿ?
– ಒಬ್ಬ ತಾಯಿ, ಸೇಡಂ ತಾಲ್ಲೂಕು

ಉತ್ತರ: ತಂಗಿ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಳ್ಳತನ ರಕ್ತದಲ್ಲೇ ಇದ್ದಿದ್ದರೆ ಆ ಪೆನ್ನು ಟೀಚರ ಕೈಗೆ ಹೋಗುತ್ತಿರಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಸಂಶೋಧಕರು ಸಾವಿರಾರು ಶಾಲಾ ಮಕ್ಕಳನ್ನು ಈ ವಿಷಯದಲ್ಲೇ ಪರೀಕ್ಷಿಸಿದರು. ನಕಲು ಮಾಡಲು, ಸುಳ್ಳು ಹೇಳಲು, ಕದಿಯಲು ಅವಕಾಶ ಸಿಗುವಂಥ ಬೇರೆ ಬೇರೆ ಸಂದರ್ಭ ಒಡ್ಡಿ ನೋಡಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆಂದು ನಂಬಿಕೆಯಿಂದ ಹೇಳಲು ಬರಲಿಲ್ಲ. ಹೆಚ್ಚಿನ ಮಕ್ಕಳು ಕೆಲವೆಡೆ ಪ್ರಾಮಾಣಿಕರು, ಕೆಲವೆಡೆ ಜಾರುವವರು. ನಿಮ್ಮ ಮಗನೂ ಅವರಲ್ಲೊಬ್ಬ.

ಹಾಗಂತ ಹುಟ್ಟಿನಿಂದ ಏನೂ ಬರುವುದಿಲ್ಲ ಅಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಸಿಟ್ಟು ಬೇಗ ಬರುವುದು, ಅಂಜಿಕೆ, ಆಸೆ ಹುಟ್ಟಿದರೆ ತಡೆಯಲಾಗದ ಆತುರ, ಇವು ತಕ್ಕಮಟ್ಟಿಗೆ ಹುಟ್ಟಿನಿಂದಲೇ ಬರುತ್ತವೆ. ಐವತ್ತು ವರ್ಷಗಳ ಅವಳಿಮಕ್ಕಳ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿದಾಗ, ಅಂದರೆ ಸುಮಾರು 1.45 ಕೋಟಿ ಅವಳಿ ಜೋಡಿಗಳ ಲೆಕ್ಕದಲ್ಲಿ, ಮನುಷ್ಯರ ಗುಣಲಕ್ಷಣಗಳಲ್ಲಿ ವಂಶವಾಹಿಯ ಪಾಲು ಸರಾಸರಿ ಶೇ 49 ಎಂದು ಬಂತು. ಈ ಅಂಕಿಯನ್ನು ಜನ ತಪ್ಪು ಓದುತ್ತಾರೆ. ನಿಮ್ಮ ಮಗನಲ್ಲಿ ಅರ್ಧ ಸೋದರಮಾವ ಕೂತಿದ್ದಾನೆ ಎಂದು ಇದರ ಅರ್ಥ ಅಲ್ಲವೇ ಅಲ್ಲ. ದೊಡ್ಡ ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಲೆಕ್ಕ ಅದು. ಯಾವುದೇ ಒಂದು ಮಗುವಿನ ಭವಿಷ್ಯ ಅದರಿಂದ ಹೇಳಲಾಗದು. ಇನ್ನು ಆತುರದ ಸ್ವಭಾವದ ಹುಡುಗ ಕಳ್ಳನೇ ಆಗಬೇಕೆಂದಿಲ್ಲ, ಓಡಿಹೋಗಿ ಬಾವಿಗೆ ಬಿದ್ದವನನ್ನು ಎತ್ತುವವನೂ ಆಗಬಹುದು. ಸ್ವಭಾವ ಬೇರೆ, ನಡತೆ ಬೇರೆ.

ನಮ್ಮ ಅವ್ವ ನನಗೆ ಜೋಳದ ರೊಟ್ಟಿ ಕಲಿಸಿದ್ದು ನೆನಪಾಗುತ್ತಿದೆ. ಗೋಧಿಯ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಿದರೇ ಹಿಟ್ಟಿಗೆ ಜಿಗಿ ಬರುತ್ತದೆ. ನನ್ನ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಹಳೇ ಹಿಟ್ಟಾದರಂತೂ ಕೇಳಲೇಬೇಡಿ. ಆದರೆ ಅದೇ ಹಳೇ ಹಿಟ್ಟನ್ನು ಅವ್ವ ಇನ್ನಷ್ಟು ಬಿಸಿ ಎಸರು ಹಾಕಿ, ಇನ್ನಷ್ಟು ಹೊತ್ತು ನಾದಿ, ಹಪ್ಪಳದ ಹಾಗೆ ತೆಳ್ಳಗೆ ಬಡಿಯುತ್ತಿದ್ದಳು. ಹಿಟ್ಟು ಹಿಟ್ಟಿನಲ್ಲಿ ಫರಕು ಇದ್ದೇ ಇರುತ್ತದೆ. ಕೆಲವು ಮಕ್ಕಳಿಗೆ ಹೆಚ್ಚು ನಾದಬೇಕು, ಅಷ್ಟೇ. ಒಂಬತ್ತು ವರ್ಷದ ಹುಡುಗ ಮೂರು ಸಲ ಹರಿದ ರೊಟ್ಟಿ ಬಡಿದಿದ್ದಾನೆ. ಅದಕ್ಕೆ ಯಾರೂ ಒಲೆ ಆರಿಸುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಅದಕ್ಕೆ ನಮ್ಮ ನೆಲದ್ದೇ ಒಂದು ದಾರಿ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಮಾಡುತ್ತಿದ್ದ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅಂಥ ಶರಣನಿಗೂ ಕೈ ಜಾರಿತು. ಆಕೆ ಅವನನ್ನು ಕಳ್ಳ ಅನ್ನಲಿಲ್ಲ, ಅಕ್ಕಿ ವಾಪಸ್ ಮಾಡಿಸಿದಳು.

ನೀವೂ ಅದನ್ನೇ ಮಾಡಿ. ತೆಗೆದುಕೊಂಡ ರೊಕ್ಕ ಅವನೇ ತನ್ನ ಕೈಯಿಂದ ಗಲ್ಲಾಕ್ಕೆ ಹಾಕಬೇಕು. ಖರ್ಚಾಗಿದ್ದರೆ ಬೇಳೆ ಪುಡಿಕೆ ಕಟ್ಟಿ, ಅಂಗಡಿ ಗುಡಿಸಿ ತೀರಿಸಲಿ. ‘ಈ ಕೆಲಸ ತಪ್ಪು, ಸರಿ ಮಾಡು’ ಎನ್ನಿ. ‘ನೀನು ಕಳ್ಳ’ ಎನ್ನಬೇಡಿ. ತಾನೇ ಕೆಟ್ಟವನು ಎಂದು ನಂಬಿದ ಮಗು ಮುಖ ಮುಚ್ಚಿಕೊಳ್ಳಲು ಇನ್ನಷ್ಟು ಸುಳ್ಳು ಹೇಳುತ್ತದೆ. ಆಮೇಲೆ ದಿನಾ ಸಂಜೆ ಅವರಪ್ಪ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗಲ್ಲಾ ಎಣಿಸಲಿ. ಹತ್ತರ ನೋಟು, ಇಪ್ಪತ್ತರ ನೋಟು ಬೇರೆ ಬೇರೆ ಮಾಡಿ ವಹಿಯಲ್ಲಿ ಅವನ ಕೈಯಿಂದಲೇ ಬರೆಸಲಿ. ಕದ್ದ ಹುಡುಗನಿಗೆ ರೊಕ್ಕ ಎಣಿಸಲು ಕೊಡುವುದೇ ಎಂದು ಅತ್ತೆಯವರು ಗಾಬರಿಯಾಗಬಹುದು. ಕೊಡಲೇಬೇಕು. ನಂಬಿಕೆ ಉಳಿಸಿಕೊಳ್ಳುವುದನ್ನು ಅವನು ಬೇರೆಲ್ಲಿ ರೂಢಿ ಮಾಡಿಕೊಳ್ಳಬೇಕು? ಆ ರೊಕ್ಕದಿಂದ ಏನು ತಗೊಂಡ ಎಂದೂ ಸಮಾಧಾನವಾಗಿ ಕೇಳಿ. ಗೆಳೆಯರ ಮುಂದೆ ಬರಿಗೈಯಲ್ಲಿ ನಿಲ್ಲುವ ಸಂಕಟ ಆ ವಯಸ್ಸಿಗೆ ದೊಡ್ಡದು.

ಒಂದು ಎಚ್ಚರ: ‘ಕದಿಯದಿದ್ದರೆ ವಾರಕ್ಕೆ ಇಪ್ಪತ್ತು ರೂಪಾಯಿ’ ಎಂಬ ಆಸೆ ತೋರಿಸಬೇಡಿ. ದೊಡ್ಡವರ ಕೈಯಿಂದ ಬಿದ್ದ ವಸ್ತುವನ್ನು ಒಂದೂವರೆ ವರ್ಷದ ಕೂಸುಗಳೂ ಯಾರೂ ಹೇಳದೆ ಎತ್ತಿಕೊಡುತ್ತವೆ ಎಂದು ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎಂಬ ಸಂಶೋಧಕರು 2006ರಲ್ಲಿ ತೋರಿಸಿದರು. ಎರಡು ವರ್ಷದ ನಂತರ ಅವರೇ ಇನ್ನೊಂದು ಕಂಡುಕೊಂಡರು: ಸಹಾಯಕ್ಕೆ ಬಹುಮಾನ ಸಿಕ್ಕ ಕೂಸುಗಳು ಬಹುಮಾನ ನಿಂತಾಗ ಉಳಿದವುಗಳಿಗಿಂತ ಕಡಿಮೆ ಸಹಾಯ ಮಾಡಿದವು. ತಾನಾಗಿ ಬಂದ ಒಳ್ಳೆಯತನಕ್ಕೆ ದರ ಕಟ್ಟಿದರೆ ಅದು ಕೂಲಿಯಾಗುತ್ತದೆ. ಮತ್ತೆ, ಸಾಲ ಕೇಳಲು ಬಂದವರಿಗೆ ‘ಅಪ್ಪ ಮನ್ಯಾಗಿಲ್ಲ ಅಂತ ಹೇಳು’ ಎಂದು ಅವನ ಬಾಯಿಂದ ಹೇಳಿಸುವ ರೂಢಿ ಇದ್ದರೆ ಇವತ್ತೇ ಬಿಡಿ.

ಕಳವಿನ ಜೊತೆಗೆ ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ಮನೆ ಬಿಟ್ಟು ಹೋಗುವುದು ತಿಂಗಳುಗಟ್ಟಲೆ ನಡೆದರೆ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ನಿಮ್ಮ ತಮ್ಮನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜನರನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ 92 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. ಜವಾಬ್ದಾರಿಯ ಗುಣ ಬಾಲ್ಯಕ್ಕೇ ನಿಂತುಬಿಡುವುದಿಲ್ಲ, ಇಪ್ಪತ್ತು ದಾಟಿದ ಮೇಲೂ ನಲವತ್ತರವರೆಗೂ ಬೆಳೆಯುತ್ತದೆ ಎಂದು ಅದರಲ್ಲಿ ಕಂಡುಬಂತು. ಇಸ್ಪೀಟಿನ ಚಟಕ್ಕೂ ಚಿಕಿತ್ಸೆ ಇದೆ, ಅದೇ 14416ಕ್ಕೆ ಅವನೂ ಕರೆ ಮಾಡಬಹುದು. ಮುಂದಿನ ಸಲ ತವರಿಗೆ ಹೋದಾಗ ಅವನ ಪಕ್ಕ ಕೂತು ಈ ಮಾತು ಹೇಳಿ ಬನ್ನಿ.