ಬ್ಲಾಕ್ ಘಟಕಕ್ಕೆ ಮುನ್ನ ಬೇಡಿಕೆಯ ಲೆಕ್ಕ

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಗುತ್ತಿಗೆದಾರರೊಬ್ಬರ ಬಳಿ ದುಡಿದಿದ್ದೇನೆ. ಈಗ ಕಾಂಕ್ರೀಟ್ ಸಾಲಿಡ್ ಬ್ಲಾಕ್ ಘಟಕ ಹಾಕುವ ಯೋಚನೆಯಿದೆ. ದೇಶದಲ್ಲಿ ನಿರ್ಮಾಣ ಕ್ಷೇತ್ರ ಬೆಳೆಯುತ್ತಿರುವುದರಿಂದ ಎಷ್ಟು ತಯಾರಿಸಿದರೂ ಮಾರಾಟವಾಗುತ್ತದೆ ಎಂದು ಯಂತ್ರ ಮಾರುವವರು ಹೇಳುತ್ತಾರೆ. ಬ್ಯಾಂಕಿನವರು ಮೂರು ವರ್ಷಗಳ ಬೇಡಿಕೆಯ ಅಂದಾಜು ಕೇಳಿದ್ದಾರೆ. ಹೇಗೆ ಸಿದ್ಧಪಡಿಸಲಿ?
– ಒಬ್ಬ ಓದುಗರು, ಶಿರಾ

ಉತ್ತರ: ಯಂತ್ರ ಮಾರುವವರ ಮಾತನ್ನು ದಯವಿಟ್ಟು ಬ್ಯಾಂಕಿಗೆ ಕೊಡುವ ವರದಿಯಲ್ಲಿ ಸೇರಿಸಬೇಡಿ. ಕೇಂದ್ರ ಸರ್ಕಾರ 2025–26ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ (ರಸ್ತೆ, ಕಟ್ಟಡದಂತಹ ಆಸ್ತಿ ನಿರ್ಮಿಸುವ ಖರ್ಚಿಗೆ) 11.21 ಲಕ್ಷ ಕೋಟಿ ರೂಪಾಯಿ ಇಟ್ಟಿರುವುದು ನಿಜವಾದರೂ, ಅದರ ದೊಡ್ಡ ಪಾಲು ಹೆದ್ದಾರಿ ಮತ್ತು ರೈಲುಮಾರ್ಗಗಳಿಗೆ ಹೋಗುತ್ತದೆ; ಅಲ್ಲಿ ಗೋಡೆ ಕಟ್ಟುವ ಕೆಲಸ ತೀರಾ ಕಡಿಮೆ. ಬ್ಲಾಕ್ ಭಾರದ ಸರಕು, ಬೆಲೆ ಕಡಿಮೆ. ದೂರ ಹೆಚ್ಚಿದಂತೆ ಸಾಗಾಣಿಕೆ ಬಾಡಿಗೆಯೇ ಲಾಭವನ್ನು ತಿನ್ನುವುದರಿಂದ, ನಿಮ್ಮ ಲಾರಿ ಲಾಭ ಉಳಿಸಿಕೊಂಡು ತಲುಪಬಲ್ಲ ಊರುಗಳಷ್ಟೇ ನಿಮ್ಮ ಮಾರುಕಟ್ಟೆ.

ಆ ಊರುಗಳ ನಗರಸಭೆ, ಪಟ್ಟಣ ಪಂಚಾಯಿತಿ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ಕಳೆದ ಮೂರು ವರ್ಷ ಎಷ್ಟು ಕಟ್ಟಡ ಪರವಾನಗಿ ನೀಡಲಾಗಿದೆ ಎಂಬುದನ್ನು ತಿಂಗಳುವಾರು ಬರೆದುಕೊಳ್ಳಿ. ಪರವಾನಗಿಯಿಲ್ಲದೆ ಏಳುವ ಮನೆಗಳೂ ಇರುವುದರಿಂದ ಎರಡು ಮೂರು ಬಡಾವಣೆಗಳನ್ನು ಸುತ್ತಿ, ಕಣ್ಣಿಗೆ ಕಾಣುವ ಕೆಲಸಗಳನ್ನು ಪರವಾನಗಿ ಪಟ್ಟಿಯೊಂದಿಗೆ ಹೋಲಿಸಿ. ಬಳಿಕ ಅದನ್ನು ಬ್ಲಾಕ್ ಲೆಕ್ಕಕ್ಕೆ ಇಳಿಸಬೇಕು. 16 x 8 ಇಂಚಿನ ಮುಖವಿರುವ ಬ್ಲಾಕ್ 100 ಚದರಡಿ ಗೋಡೆಗೆ ಸುಮಾರು 112 ಬೇಕಾಗುತ್ತದೆ. ಬಾಗಿಲು ಕಿಟಕಿ ಕಳೆದು 1,500 ಚದರಡಿ ಗೋಡೆಯಿರುವ ಮನೆಗೆ ಒಡೆಯುವ ಬ್ಲಾಕ್‌ಗಳನ್ನು ಬಿಟ್ಟು ಸುಮಾರು 1,700. ಇದನ್ನು ಮನೆಗಳ ಸಂಖ್ಯೆಯಿಂದ ಗುಣಿಸಿ, ಬಂದ ಮೊತ್ತದಲ್ಲಿ ಇಟ್ಟಿಗೆ ಬಳಸುವವರನ್ನೂ ಈಗಿರುವ ಘಟಕಗಳ ಪಾಲನ್ನೂ ಕಳೆದಾಗ ಉಳಿಯುವುದೇ ನಿಮಗೆ ಸಿಗಬಹುದಾದ ಬೇಡಿಕೆ.

ಬೇಡಿಕೆ ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ, ಮತ್ತು ಹೆಚ್ಚಿನ ಅಂದಾಜುಗಳು ಎಡವುವುದು ಇಲ್ಲಿಯೇ. ಗೋಡೆಯೇ ಭಾರ ಹೊರುವ ಮನೆಗೆ ತಳಪಾಯ ಮುಗಿದೊಡನೆ ಬ್ಲಾಕ್ ಬೇಕು. ಪಿಲ್ಲರ್ ಕಟ್ಟಡದಲ್ಲಿ ಸಾಮಾನ್ಯವಾಗಿ ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕಿ, ಅದಕ್ಕೆ ಆಸರೆಯಾಗಿದ್ದ ಸೆಂಟ್ರಿಂಗ್ ಬಿಚ್ಚಿದ ಮೇಲೆ ಗೋಡೆ ಏಳುತ್ತದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಗುದ್ದಲಿ ಪೂಜೆ ಮಾಡುವವರು ವಿರಳವಾದ್ದರಿಂದ, ಆ ಇಳಿತ ನಿಮ್ಮ ಅಂಗಳಕ್ಕೆ ಕೆಲವು ವಾರ ತಡವಾಗಿ ಮುಟ್ಟುತ್ತದೆ. ಬ್ಲಾಕ್‌ಗೆ ಕ್ಯೂರಿಂಗ್ ಮಾಡಿ (ಗಟ್ಟಿಯಾಗುವವರೆಗೆ ನೀರುಣಿಸಿ) ಒಣಗಿಸಲು ವಾರಗಳೇ ಬೇಕಿರುವುದರಿಂದ ಆರ್ಡರ್ ಬಂದ ಮೇಲೆ ತಯಾರಿಸುತ್ತೇನೆ ಎನ್ನುವಂತಿಲ್ಲ. ಹಾಗಾಗಿ ಅಂದಾಜು ವಾರ್ಷಿಕವಾಗಿರದೆ ತಿಂಗಳುವಾರು ಇರಲಿ.

ಶಾಲಾ ಕೊಠಡಿ, ಹಾಸ್ಟೆಲ್‌ನಂತಹ ಸರ್ಕಾರಿ ಕೆಲಸಗಳ ಟೆಂಡರ್‌ಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಸಿಗುತ್ತವೆ. ಆದರೆ ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ ಹೊಸ ಕಾಮಗಾರಿಗಳು ನಿಲ್ಲುತ್ತವೆ. ಗುತ್ತಿಗೆದಾರರಿಗೆ ಬಿಲ್ ತಡವಾದರೆ ನಿಮಗೂ ಹಣ ತಡವಾಗುತ್ತದೆ. ಈ ಭಾಗವನ್ನು ಪ್ರತ್ಯೇಕವಾಗಿ ತೋರಿಸಿ, ಮನೆ ಕಟ್ಟುವವರ ಬೇಡಿಕೆಯ ಜೊತೆ ಬೆರೆಸಬೇಡಿ.

ಬ್ಯಾಂಕಿಗೆ ಒಂದೇ ಸಂಖ್ಯೆಯ ಬದಲು ಕನಿಷ್ಠ, ಸಾಧಾರಣ, ಗರಿಷ್ಠ ಎಂಬ ಮೂರು ಅಂದಾಜು ಕೊಡಿ. ಪ್ರತಿಯೊಂದರ ಹಿಂದಿನ ಊಹೆಯನ್ನೂ ಬರೆಯಿರಿ. ಕನಿಷ್ಠ ಮಾರಾಟದಲ್ಲಿ ಸಾಲದ ಕಂತು ಕಟ್ಟಲಾಗದೆಂದು ಕಂಡರೆ, ಯಂತ್ರದ ಸಾಮರ್ಥ್ಯವನ್ನು ಇಳಿಸಿ ಲೆಕ್ಕವನ್ನು ಮತ್ತೆ ಮಾಡಿ. ಗರಿಷ್ಠ ಅಂದಾಜನ್ನು ನಂಬಿ ದೊಡ್ಡ ಯಂತ್ರ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.