ಪೋಲೊ ಎಂಜಿನ್ನಿಗೆ ಒಂದೂವರೆ ಲಕ್ಷ ಹಾಕಬೇಕೇ?

ಪ್ರಶ್ನೆ: ಊರು ಧಾರವಾಡ, ಕೆಲಸ ಹಿಂಜೆವಡಿ, ಮನೆ ಪುಣೆಯ ವಾಕಡ್‌ನಲ್ಲಿ. 2021ರ ಪೋಲೊ 1.0 ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್, 58,000 ಕಿ.ಮೀ. ಓಡಿದೆ. ಒಬ್ಬನೇ ಇದ್ದಾಗ ಗಾಡಿ ಚುರುಕು. ಹಬ್ಬಕ್ಕೆ ಊರಿಗೆ ಹೊರಟಾಗ ಮಾತ್ರ, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ, ಖಂಬಾಟ್ಕಿ ಘಾಟ್ ಏರುವಾಗ ಮೂರನೇ ಗೇರಿನಲ್ಲಿ ಉಸಿರು ಕಟ್ಟುತ್ತದೆ. ಕೆಲವು ಗೆಳೆಯರು ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸುವುದು) ಸಾಕು ಅನ್ನುತ್ತಾರೆ, ಇನ್ನು ಕೆಲವರು ಇಂಟರ್‌ಕೂಲರ್ (ಟರ್ಬೊದ ಬಿಸಿಗಾಳಿ ತಣಿಸುವ ಭಾಗ), ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪು) ಸೇರಿಸಿ ನೇರ ಸ್ಟೇಜ್ 2 ಮಾಡಿಸು ಅನ್ನುತ್ತಾರೆ. ಒಂದೂವರೆ ಲಕ್ಷ ತೆಗೆದಿಟ್ಟಿದ್ದೇನೆ. ಇನ್ನೂ ನಾಲ್ಕೈದು ವರ್ಷ ಇದೇ ಕಾರು ಇಟ್ಟುಕೊಳ್ಳುವವನು. ಏನು ಮಾಡಲಿ?

ಉತ್ತರ: ಸ್ಟೇಜ್ 2 ಬಿಡಿ. ಮೊದಲ ದುಡ್ಡು ಎಂಜಿನ್ನಿನ ಆರೋಗ್ಯಕ್ಕೆ, ಟೈರಿಗೆ, ಬ್ರೇಕಿಗೆ. ಅದಾದ ಮೇಲೂ ಆಸೆ ಉಳಿದಿದ್ದರೆ ಟಾರ್ಕ್ (ತಿರುಗಿಸುವ ಬಲ) 200 ನ್ಯೂಟನ್ ಮೀಟರ್ ದಾಟದ ಒಂದು ಮೆದು ರೀಮ್ಯಾಪ್ ಮಾಡಿಸಿಕೊಳ್ಳಬಹುದು. ಆದರೆ ನೀವು ಬರೆದ ಘಾಟಿನ ತೊಂದರೆ ಅದರಿಂದ ಹೋಗುವುದಿಲ್ಲ.

ಏಕೆಂದರೆ ಅದು ಗೇರಿನ ತೊಂದರೆ. ಈ ಎಂಜಿನ್ 175 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು 1,750ರಿಂದ 4,000 ಆರ್‌ಪಿಎಂ ನಡುವೆ, 110 ಪಿಎಸ್ (ಅಶ್ವಶಕ್ತಿ) ಪೂರ್ತಿ ಬರುವುದು 5,000 ದಾಟಿದ ಮೇಲೆ. 1,750ರ ಕೆಳಗೆ, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊವನ್ನು ಪೂರ್ತಿ ತಿರುಗಿಸುವಷ್ಟು ಹೊಗೆಯೇ ಎಂಜಿನ್ನಿನಿಂದ ಹೊರಡುವುದಿಲ್ಲ. ಸುಮಾರು 1,070 ಕೆ.ಜಿ.ಯ ಕಾರು ನಾಲ್ಕು ಜನ, ಸಾಮಾನು ಸೇರಿ 1,400ರ ಹತ್ತಿರ ತೂಗುತ್ತದೆ. ಲಾರಿಯ ಹಿಂದೆ ಸಿಕ್ಕಿ ಮೂರನೇ ಗೇರಿನಲ್ಲಿ 1,500ಕ್ಕೆ ಇಳಿದರೆ ಯಾವ ಸಾಫ್ಟ್‌ವೇರ್‌ಗೂ ಮಾಡಲು ಹೆಚ್ಚು ಕೆಲಸ ಉಳಿದಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. 2,000ದಲ್ಲಿ 175 ನ್ಯೂಟನ್ ಮೀಟರ್ ಅಂದರೆ ಸುಮಾರು 50 ಪಿಎಸ್. ರೀಮ್ಯಾಪ್ ಮಾಡಿಸಿ ಅದೇ 2,000ದಲ್ಲಿ 200 ಬಂತು ಅಂತ ಇಟ್ಟುಕೊಂಡರೂ 57. ಹಾಗೆಯೇ ಬಿಟ್ಟು ಎರಡನೇ ಗೇರಿಗೆ ಇಳಿಸಿ 3,000ಕ್ಕೆ ಏರಿಸಿದರೆ 75. ಒಂದು ಏಳು ಕೊಡುತ್ತದೆ, ಇನ್ನೊಂದು ಇಪ್ಪತ್ತೈದು, ಅದೂ ಬಿಟ್ಟಿ. ಮೂರು ಸಿಲಿಂಡರಿನ ಎಂಜಿನ್ 3,500ರಲ್ಲಿ ಗದ್ದಲ ಮಾಡುತ್ತದೆ ಅಂತ ಹೆದರುವವರು ಬಹಳ; ಆ ಗದ್ದಲದಿಂದ ಅದಕ್ಕೇನೂ ಆಗುವುದಿಲ್ಲ.

ಆಗುವುದು ಇದರ ಉಲ್ಟಾ ಮಾಡಿದಾಗ. ಕಡಿಮೆ ಆರ್‌ಪಿಎಂನಲ್ಲಿ, ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸಣ್ಣ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳಲ್ಲಿ ಪ್ಲಗ್ ಕಿಡಿ ಹಾರಿಸುವ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳಬಹುದು. ರಿಂಗ್ ನಡುವಿನ ಪಿಸ್ಟನ್ ಅಂಚು ಮುರಿಯಲು ಒಂದೆರಡು ಗಟ್ಟಿ ಹೊಡೆತ ಸಾಕು. ಬುಡದಲ್ಲೇ, ಅಂದರೆ ಕಡಿಮೆ ಆರ್‌ಪಿಎಂನಲ್ಲೇ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿ 'ನೋಡಿ ಸರ್, ಹೇಗೆ ಎಳೀತದೆ' ಅನ್ನಿಸುವ ಮ್ಯಾಪ್‌ಗಳ ಮೇಲೆ ನಮಗೆ ಅನುಮಾನ ಇರುವುದು ಈ ಕಾರಣಕ್ಕೇ. ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಎಣ್ಣೆ ಈ ಅಪಾಯವನ್ನು ತಗ್ಗಿಸಲೆಂದೇ ಪರೀಕ್ಷೆಗೆ ಒಳಪಟ್ಟದ್ದು. ಕಾರಿನ ಕೈಪಿಡಿ ಕೇಳುವ ಫೋಕ್ಸ್‌ವ್ಯಾಗನ್ ಅನುಮೋದನೆಯೂ ಡಬ್ಬಿಯ ಮೇಲೆ ಇರಲಿ.

ಇನ್ನು ಸ್ಟೇಜ್ 2ರ ಸಾಮಾನು. ನಿಮ್ಮದು ಇಎ211 ಕುಟುಂಬದ ಎಂಜಿನ್. ಇದರ ಇಂಟರ್‌ಕೂಲರ್ ಬಂಪರಿನ ಹಿಂದೆ ಇಲ್ಲ, ಇಂಟೇಕ್ ಮ್ಯಾನಿಫೋಲ್ಡಿನ ಒಳಗೇ ಇದೆ, ತಂಪಾಗುವುದು ನೀರಿನಿಂದ. ಮುಂದೆ ದೊಡ್ಡ ಇಂಟರ್‌ಕೂಲರ್ ಕೂರಿಸುವುದೆಂದರೆ ಪೈಪಿನ ಹಾದಿಯನ್ನೆಲ್ಲ ಹೊಸದಾಗಿ ಹಾಕಬೇಕು. ಪೈಪು ಉದ್ದವಾದಷ್ಟೂ ಟರ್ಬೊ ಲ್ಯಾಗ್ (ಒತ್ತಿದ ಮೇಲೆ ಬೂಸ್ಟ್ ಬರುವ ತಡ) ಹೆಚ್ಚು. ನಿಮ್ಮ ದೂರೇ ಲ್ಯಾಗ್! ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನಲ್ಲೇ ಎರಕವಾಗಿದೆ, ಟರ್ಬೊ ನೇರ ಹೆಡ್ಡಿಗೆ ಬೋಲ್ಟ್ ಆಗುತ್ತದೆ. ಹಾಗಾಗಿ ಈ ಕಾರಿಗೆ 'ಹೆಡರ್' (ಬದಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್) ಮಾರಲು ಬಂದವರಿಗೆ ಈ ಎಂಜಿನ್ ಗೊತ್ತಿಲ್ಲ ಅಂತಲೇ ತಿಳಿಯಿರಿ. ಉಳಿದದ್ದು ಡೌನ್‌ಪೈಪ್. ಅದರ ಲಾಭ ಬರುವುದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಾಗ. ಕಿತ್ತರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಅದನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚುತ್ತಾರೆ, ಆದರೆ ಪಿಯುಸಿ ಯಂತ್ರದ ಬಾಯಿ ಮುಚ್ಚಲಾಗುವುದಿಲ್ಲ: ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3 ದಾಟುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇಷ್ಟೆಲ್ಲ ದಾಟಿದರೂ ಗೇರ್‌ಬಾಕ್ಸ್ ಎದುರಿಗೆ ನಿಲ್ಲುತ್ತದೆ. ನಿಮ್ಮದು ಎಂಕ್ಯೂ200, ಅದರ ಲೆಕ್ಕಾಚಾರವೇ 200 ನ್ಯೂಟನ್ ಮೀಟರ್‌ಗೆ. ಇದನ್ನು ದಾಟಿದ ಮ್ಯಾಪ್‌ನಲ್ಲಿ ಓಡುತ್ತಿರುವ ಕಾರುಗಳು ಪುಣೆಯಲ್ಲೇ ಸಾಕಷ್ಟಿವೆ, ನಿಜ. ಆದರೆ ಒಬ್ಬನೇ ಸುತ್ತುವ ಕಾರು ಬೇರೆ, 1,400 ಕೆ.ಜಿ. ಹೊತ್ತು ಘಾಟ್ ಏರುವ ಕಾರು ಬೇರೆ. ಮೊದಲು ಸೋಲುವುದು ಕ್ಲಚ್. ಪರೀಕ್ಷೆ ಸುಲಭ: ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಐದನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಹಿಂದೆ ಉಳಿದರೆ ಕ್ಲಚ್ ಈಗಲೇ ಜಾರುತ್ತಿದೆ. ರೀಮ್ಯಾಪ್ ಮಾತೇ ಬೇಡ. ಕ್ಲಚ್ ಸೆಟ್ಟು, ಗೇರ್‌ಬಾಕ್ಸ್ ಇಳಿಸುವ ಕೂಲಿ ಸೇರಿದರೆ ಹೆಚ್ಚುಕಡಿಮೆ ಮ್ಯಾಪಿನಷ್ಟೇ ದುಡ್ಡು.

ಈಗ ಖರ್ಚು ಮಾಡಬೇಕಾದ ಕಡೆಗೆ ಬರೋಣ. 60,000 ಹತ್ತಿರ ಬಂದಿರುವುದರಿಂದ ಸ್ಪಾರ್ಕ್ ಪ್ಲಗ್ ಮೂರೂ ಹೊಸದು ಹಾಕಿಸಿ, ಏರ್ ಫಿಲ್ಟರ್ ನೋಡಿಸಿ. ಟರ್ಬೊದಿಂದ ಥ್ರಾಟಲ್‌ವರೆಗಿನ ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ಇದೆಯೇ ಪರೀಕ್ಷಿಸಲು ಹೇಳಿ. ಸಡಿಲವಾದ ಒಂದು ಕ್ಲಿಪ್ ಹತ್ತು ಪಿಎಸ್ ತಿನ್ನಬಲ್ಲದು. ಈ ಎಂಜಿನ್ನಿನಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಒಂದೇ ಜೋಡಣೆಯಾಗಿ ಗೇರ್‌ಬಾಕ್ಸ್ ಬದಿಗೆ ಕೂತಿವೆ, ಅಲ್ಲಿ ಕೂಲಂಟ್ ಜಿನುಗುವುದು ಗೊತ್ತಿರುವ ಕಾಯಿಲೆ. ಗುಲಾಬಿ ಪುಡಿ ಕಟ್ಟಿದ್ದರೆ ಈಗಲೇ ಬದಲಿಸಿ. ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವುದರಿಂದ ಇಂಟೇಕ್ ವಾಲ್ವ್ ಬೆನ್ನಿಗೆ ಇಂಗಾಲ ಕಟ್ಟುತ್ತದೆ, ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಅಲ್ಲಿಗೆ ತಲುಪುವುದೇ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಎಂಜಿನ್ ನಡುಗುತ್ತಿದ್ದರೆ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ನೋಡಿಸಿ. 'ಮೊದಲಿನ ಹಾಗಿಲ್ಲ' ಅನ್ನುವ ಅರ್ಧ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ.

ಆಮೇಲೆ ಟೈರು, ಬ್ರೇಕು. ನಿಮ್ಮ ಹಿಂದಿನ ಗಾಲಿಗೆ ಇರುವುದು ಡ್ರಮ್. ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ 56 ಹೆಚ್ಚುತ್ತದೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಾಗಿಲ್ಲವಾದರೆ ಅದು ನೀರು ಹೀರಿಕೊಂಡಿರುತ್ತದೆ, ತಾಮ್ಹಿಣಿ ಘಾಟ್ ಇಳಿಯುವಾಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹೊಸ ಡಾಟ್ 4 ಫ್ಲೂಯಿಡ್, ಮುಂದಿನ ಪ್ಯಾಡ್, ನಾಲ್ಕೂ ಒಳ್ಳೆಯ ಟೈರ್. ಸರ್ವಿಸ್ ಹತ್ತು ಸಾವಿರ, ಬ್ರೇಕು ಹತ್ತು, ಟೈರು ಮೂವತ್ತು ಮೂವತ್ತೈದು ಅಂತ ಇಟ್ಟುಕೊಳ್ಳಿ. ಎರಡು ತಿಂಗಳು ಹೀಗೇ ಓಡಿಸಿ.

ಆಮೇಲೂ ಬೇಕೇ? ಸರಿ, 30ರಿಂದ 40 ಸಾವಿರದ ಸ್ಟೇಜ್ 1. ಅದೇ ದಿನ, ಅದೇ ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ, ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಯದವರ ಬಳಿ ಹೋಗಬೇಡಿ. ಬರೀ ಪಿಎಸ್ ಚೀಟಿ ತೆಗೆದುಕೊಂಡು ಬರಬೇಡಿ, ಲಾಗ್ ಕೇಳಿ: ಪ್ರತಿ ಸಿಲಿಂಡರಿನ ನಾಕ್ ರಿಟಾರ್ಡ್ (ಮಿಶ್ರಣ ತಪ್ಪಾಗಿ ಹೊತ್ತಿದಾಗ ಎಂಜಿನ್ ಕಿಡಿಯನ್ನು ಎಷ್ಟು ಡಿಗ್ರಿ ತಡಮಾಡುತ್ತದೆ ಅನ್ನುವುದು), ಕೇಳಿದ ಬೂಸ್ಟ್ ಮತ್ತು ಬಂದ ಬೂಸ್ಟ್, ಒಳಹೋಗುವ ಗಾಳಿಯ ಬಿಸಿ. ಬೆನ್ನುಬೆನ್ನಿಗೆ ಮೂರು ಸಲ ಎಳೆಸಿ. ಮೂರನೆಯದರಲ್ಲೂ ಯಾವುದೋ ಒಂದು ಸಿಲಿಂಡರ್ ನಾಲ್ಕು ಡಿಗ್ರಿಗಿಂತ ಹಿಂದೆ ಸರಿಯುತ್ತಿದ್ದರೆ ಆ ಫೈಲ್ ನಿಮ್ಮ ಪೆಟ್ರೋಲಿಗೆ ಒಗ್ಗಿಲ್ಲ, ತಗ್ಗಿಸಲು ಹೇಳಿ. ಟಾರ್ಕ್ ಮಿತಿ 200 ಎಂದೂ, 2,000ದ ಕೆಳಗೆ ಬೂಸ್ಟ್ ಮುಟ್ಟಬಾರದು ಎಂದೂ ಮೊದಲೇ ಬರೆದುಕೊಡಿ. ಟಾರ್ಕ್ ಹಿಡಿದಿಟ್ಟರೂ ಮೇಲ್ಗಡೆ ಪವರ್ ಸಿಗುತ್ತದೆ, 200 ನ್ಯೂಟನ್ ಮೀಟರನ್ನು 4,500ರವರೆಗೆ ಉಳಿಸಿದರೆ ಅಲ್ಲೇ 128 ಪಿಎಸ್. ಮೂಲ ಫೈಲಿನ ಪ್ರತಿ ನಿಮ್ಮ ಕೈಯಲ್ಲಿರಲಿ.

ಪೆಟ್ರೋಲಿನ ಮಾತು ಮರೆಯಬೇಡಿ. ಪುಣೆಯಲ್ಲಿ ಎಕ್ಸ್‌ಪಿ100 (100 ಆಕ್ಟೇನ್ ಪೆಟ್ರೋಲು) ಸಿಗುತ್ತದೆ ಅಂತ ಅದಕ್ಕೇ ಮ್ಯಾಪ್ ಬರೆಸಿಕೊಂಡರೆ, ಕೊಗನೊಳ್ಳಿ ಟೋಲ್ ದಾಟಿ ನಿಪ್ಪಾಣಿಯಲ್ಲಿ ತುಂಬಿಸುವುದು ಮಾಮೂಲಿ ಪೆಟ್ರೋಲು. ನೀವು ತುಂಬಿಸುವ ಅತಿ ಕಡಿಮೆ ಆಕ್ಟೇನ್ ಯಾವುದೋ ಅದಕ್ಕೆ ಮ್ಯಾಪ್ ಇರಬೇಕು. ಇ20ಯಲ್ಲಿ (ಶೇ 20 ಎಥನಾಲ್ ಬೆರೆತ ಪೆಟ್ರೋಲು) ಲೀಟರಿನ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 6–7 ಕಡಿಮೆ, ಅಂದರೆ ಅಷ್ಟೇ ಕೆಲಸಕ್ಕೆ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರಬೇಕು. ಟ್ಯೂನರ್ ಇದನ್ನು ಗಮನಿಸಿದ್ದಾರೆಯೇ ಕೇಳಿ. ಮ್ಯಾಪ್ ಆದ ಮೇಲೆ ಎಣ್ಣೆ 15,000ಕ್ಕಲ್ಲ, 7,500ಕ್ಕೆ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಉಳಿಯುವ ಐವತ್ತೈದರಿಂದ ಎಪ್ಪತ್ತು ಸಾವಿರ ಕ್ಲಚ್ಚಿಗೆ ಎತ್ತಿಡಿ.

150 ಪಿಎಸ್‌ನ ಕನಸಿದ್ದರೆ ಈ ಕಾರಿನಲ್ಲಿ ಹುಡುಕಬೇಡಿ. ಚಾಕಣ್‌ನಲ್ಲೇ ತಯಾರಾಗುವ ವರ್ಟಸ್, ಸ್ಲಾವಿಯಾಗಳ 1.5 ಟಿಎಸ್‌ಐ 150 ಪಿಎಸ್, 250 ನ್ಯೂಟನ್ ಮೀಟರನ್ನು ಕಾರ್ಖಾನೆಯಿಂದಲೇ ಕೊಡುತ್ತದೆ. ಹ್ಯಾಚ್ ಅಲ್ಲ, ಒಪ್ಪಿದೆ. ಹಬ್ಬದ ಸಾಮಾನಿಗೆ ಡಿಕ್ಕಿ ಮಾತ್ರ ದೊಡ್ಡದು.

ಪ್ರಶ್ನೆ: ಠಾಣೆಯಲ್ಲಿದ್ದೇನೆ. ಐ20 ಎನ್ ಲೈನ್, ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್, ವಾರಂಟಿ ಇನ್ನೂ ಇದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮುಟ್ಟದೆ ತಂತಿಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಹಾಕಿ, ಸರ್ವಿಸಿಗೆ ಮುಂಚೆ ಬಿಚ್ಚಿದರೆ ಗೊತ್ತಾಗುವುದಿಲ್ಲವಂತೆ. ಹಾಕಿಸಲೇ?

ಉತ್ತರ: ಬೇಡ. ಆ ಡಬ್ಬಿ ಮಾಡುವುದು ಬೂಸ್ಟ್ ಸೆನ್ಸರಿನ ಸುಳ್ಳು ಲೆಕ್ಕ ಇಸಿಯುಗೆ ಒಪ್ಪಿಸುವ ಕೆಲಸ. ಬೂಸ್ಟ್ ಕಡಿಮೆ ಇದೆ ಅಂದುಕೊಂಡು ಇಸಿಯು ಟರ್ಬೊ ಇನ್ನಷ್ಟು ತಳ್ಳುತ್ತದೆ. ಹೆಚ್ಚಾದ ಗಾಳಿಗೆ ತಕ್ಕ ಪೆಟ್ರೋಲು ಆಮೇಲೆ ಆಕ್ಸಿಜನ್ ಸೆನ್ಸರ್ ನೋಡಿ ಸರಿಪಡಿಸಬೇಕು. ಇಗ್ನಿಷನ್ ಟೈಮಿಂಗ್ ಮಾತ್ರ ಸುಳ್ಳು ಲೆಕ್ಕದ ಮೇಲೇ ಓಡುತ್ತಿರುತ್ತದೆ. ಡಬ್ಬಿ ಬಿಚ್ಚಿದರೂ ಇಂಧನ ತಿದ್ದುಪಡಿಯ ಗುರುತು, ಕೂಡಿಟ್ಟ ದೋಷದ ಕೋಡುಗಳು ಒಳಗೆ ಉಳಿಯಬಹುದು.

ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಗೇರ್‌ಬಾಕ್ಸ್. ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ ಅದರದ್ದು. ಘೋಡ್‌ಬಂದರ್ ರಸ್ತೆಯ ಜಾಮಿನಲ್ಲಿ ಬ್ರೇಕ್ ಸಡಿಲಿಸಿ ತೆವಳಿಸುವಾಗಲೇ ಅದು ಬಿಸಿಯಾಗುತ್ತಿರುತ್ತದೆ. 172 ನ್ಯೂಟನ್ ಮೀಟರ್‌ಗೆ ಹೊಂದಿಸಿದ ಕ್ಲಚ್ ಒತ್ತಡದ ಮೇಲೆ, ಗೇರ್‌ಬಾಕ್ಸ್ ಕಂಪ್ಯೂಟರಿಗೆ ಹೇಳದೆ ಟಾರ್ಕ್ ಹೇರಿದರೆ ಪ್ಲೇಟು ಜಾರಿ ಸವೆಯುತ್ತದೆ. ಡಿಸಿಟಿ ಕ್ಲಚ್ ಜೋಡಿಯ ಬೆಲೆ ಕೇಳಿ ನೋಡಿ, ಮ್ಯಾನ್ಯುಯಲ್ ಕಾರಿನದಕ್ಕೆ ಹೋಲಿಕೆಯೇ ಇಲ್ಲ. ಸದ್ಯಕ್ಕೆ ಜಾಮಿನಲ್ಲಿ ಮುಂದಿನ ಗಾಡಿಗೆ ಎರಡು ಕಾರಿನಷ್ಟು ಜಾಗ ಬಿಟ್ಟು, ಒಮ್ಮೆಲೇ ಚಲಿಸಿ ಒಮ್ಮೆಲೇ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಮಡಗಾಂವ್‌ನಿಂದ. 2018ರ ಬಲೆನೊ ಆರ್‌ಎಸ್‌ಗೆ ಓಪನ್ ಕೋನ್ ಫಿಲ್ಟರ್ (ಡಬ್ಬಿಯಿಲ್ಲದ, ಶಂಕುವಿನಾಕಾರದ ಏರ್ ಫಿಲ್ಟರ್) ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಉತ್ತರ: ಸದ್ದು ಹೆಚ್ಚುತ್ತದೆ. ಕಂಪನಿಯ ಏರ್‌ಬಾಕ್ಸ್ ಹೊರಗಿನ ಗಾಳಿ ಎಳೆದರೆ ಬಾನೆಟ್ ಒಳಗಿನ ಕೋನ್ ಎಂಜಿನ್ನಿನದೇ ಬಿಸಿಗಾಳಿ ಎಳೆಯುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ 3 ಇಳಿಯುತ್ತದೆ. ಕೆಲವರು ಪೈಪು ಉದ್ದಮಾಡಿ ಕೋನನ್ನು ಬಂಪರಿನ ಹತ್ತಿರ ಕೆಳಗೆ ಇಳಿಸುತ್ತಾರೆ. ಗೋವೆಯ ಮಳೆಗಾಲದಲ್ಲಿ ನಿಂತ ನೀರಿಗೆ ಇಳಿದಾಗ ಅಲ್ಲಿಂದ ಒಂದು ಲೋಟದಷ್ಟು ನೀರು ಸಿಲಿಂಡರಿಗೆ ಹೋದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದ ವಿಮೆ ಇದಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕಾಗದದ ಫಿಲ್ಟರೇ ಇರಲಿ, ಕೆಂಪು ಮಣ್ಣಿನ ರಸ್ತೆಯಲ್ಲಿ ಓಡಾಟವಿದ್ದರೆ 10,000 ಕಿ.ಮೀ.ಗೆ ಬದಲಿಸಿ. ಜೂನ್‌ಗೆ ಮುಂಚೆ ಏರ್‌ಬಾಕ್ಸ್ ಬಿಚ್ಚಿಸಿ, ತಳದ ನೀರಿನ ತೂತಿನಲ್ಲಿ ಎಲೆ, ಮಣ್ಣು ಕಟ್ಟಿದೆಯೇ ನೋಡಿಸಿ.